ಬಿಡಿಸಿ ಬರೆಯದ ಚಿಕಿತ್ಸೆ ಮುಂದಿನ ರೋಗಿಗೆ ತಲುಪದು: ಶಿವಮೊಗ್ಗ, ಭದ್ರಾವತಿಯ ಪುನಶ್ಚೇತನ ಸಂಶೋಧಕರಿಗೆ ಬಹಿರಂಗ ಪತ್ರ

ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಫಿಸಿಯೋಥೆರಪಿಸ್ಟರು, ವೈದ್ಯರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಅವರ ಗೈಡ್‌ಗಳು ಹಾಗೂ ಎಥಿಕ್ಸ್ ಕಮಿಟಿಗಳ ಸದಸ್ಯರಿಗೆ,



ಪಾರ್ಶ್ವವಾಯು ಬಡಿದವರನ್ನು ಮತ್ತೆ ನಡೆಸುವುದು, ಬೆನ್ನುಹುರಿಗೆ ಪೆಟ್ಟು ಬಿದ್ದವರು ಗಾಲಿಕುರ್ಚಿಯಲ್ಲೇ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತೆ ಸಜ್ಜುಗೊಳಿಸುವುದು, ಮಂಡಿ ಸವೆದವರು ಮೆಟ್ಟಿಲು ಹತ್ತುವಂತೆ ಮಾಡುವುದು, ಮಾತು ನಿಂತವರಿಗೆ ಮಾತು ಮರಳಿಸುವುದು ಪುನಶ್ಚೇತನ ಚಿಕಿತ್ಸೆಯ ಕೆಲಸ. ಇದರಲ್ಲಿ ಯಾವ ವಿಧಾನದಿಂದ ಎಷ್ಟು ಲಾಭ ಎಂಬುದು ಕ್ಲಿನಿಕಲ್ ಟ್ರಯಲ್‌ಗಳಿಂದ ತಿಳಿಯುತ್ತದೆ. ಟ್ರಯಲ್ ಮುಗಿದು ರೋಗಿಗಳು ಮನೆಗೆ ಹೋದ ಮೇಲೆ ಉಳಿಯುವುದು ವರದಿಯೊಂದೇ. ಮಾತ್ರೆಯ ಟ್ರಯಲ್ ಆದರೆ ಮದ್ದಿನ ಹೆಸರು, ಮಿಲಿಗ್ರಾಂ, ದಿನಕ್ಕೆಷ್ಟು ಸಲ ಎಂದು ಒಂದು ಸಾಲು ಬರೆದರೂ ಬೇರೆ ಊರಿನ ವೈದ್ಯರು ಅದೇ ಮದ್ದನ್ನು ಕೊಡಬಲ್ಲರು. ಪುನಶ್ಚೇತನದಲ್ಲಿ ಚಿಕಿತ್ಸೆ ಇರುವುದು ಚಿಕಿತ್ಸಕರ ಕೈಯಲ್ಲಿ, ಅವರು ಹೇಳಿಕೊಡುವ ರೀತಿಯಲ್ಲಿ, ರೋಗಿ ಪಡುವ ಶ್ರಮದಲ್ಲಿ, ಮನೆಯವರ ಆಸರೆಯಲ್ಲಿ. ಅದನ್ನು ಬಿಡಿಸಿ ಬರೆಯದಿದ್ದರೆ, ಚಿಕಿತ್ಸೆ ಫಲಿಸಿದ್ದರೂ ಮುಂದಿನ ರೋಗಿಗೆ ಅದು ತಲುಪುವುದಿಲ್ಲ. ಶಿವಮೊಗ್ಗದಲ್ಲಿ ಫಲಿಸಿದ್ದನ್ನು ಭದ್ರಾವತಿಯ ಚಿಕಿತ್ಸಕರು ವರದಿ ಓದಿಕೊಂಡೇ ಮಾಡಲು ಬರಬೇಕು. ಪುನಶ್ಚೇತನ ಟ್ರಯಲ್‌ನ ವರದಿಗೆ ಒಡ್ಡಬೇಕಾದ ಮೊದಲ ಪರೀಕ್ಷೆ ಇದು.

ಈ ಪರೀಕ್ಷೆಯಲ್ಲಿ ಬಹಳಷ್ಟು ವರದಿಗಳು ಸೋಲುತ್ತವೆ. ಆಸ್ಟ್ರೇಲಿಯಾದ ಟ್ಯಾಮಿ ಹಾಫ್‌ಮನ್ ಮತ್ತು ಸಂಗಡಿಗರು ಔಷಧೇತರ ಚಿಕಿತ್ಸೆಗಳ ಟ್ರಯಲ್‌ಗಳನ್ನು ಪರಿಶೀಲಿಸಿ 2013ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 137 ಚಿಕಿತ್ಸೆಗಳ ಪೈಕಿ ಶೇ 39ರಷ್ಟಕ್ಕೆ ಮಾತ್ರ ಸಾಕಷ್ಟು ವಿವರಣೆ ಇತ್ತು. ಲೇಖಕರಿಗೇ ಬರೆದು ಕೇಳಿದ ಮೇಲೂ ಅದು ಶೇ 59ಕ್ಕೆ ನಿಂತಿತು. ಅದಕ್ಕೂ ಮೊದಲೇ, 2009ರಲ್ಲಿ, ಇಯಾನ್ ಚಾಮರ್ಸ್ ಮತ್ತು ಪಾಲ್ ಗ್ಲಾಸಿಯೋ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವೈದ್ಯಕೀಯ ಸಂಶೋಧನೆಗೆ ಸುರಿಯುವ ಹಣ ಮತ್ತು ಶ್ರಮದಲ್ಲಿ ಶೇ 85ರಷ್ಟು ವ್ಯರ್ಥವಾಗುತ್ತಿದೆ ಎಂದು ಅಂದಾಜಿಸಿದ್ದರು. ಬಳಕೆಗೆ ಬಾರದ ವರದಿಗಳು ಈ ವ್ಯರ್ಥಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು.

ವರದಿ ಹೇಗಿರಬೇಕು ಎಂಬುದಕ್ಕೆ ನಿಯಮಗಳಿಲ್ಲದೆ ಇಲ್ಲ. ಟ್ರಯಲ್ ವರದಿಗಳಿಗಾಗಿ ಕನ್‌ಸಾರ್ಟ್ ಎಂಬ ಪಟ್ಟಿ 1996ರಲ್ಲಿ ಬಂತು. 2010ರ ಆವೃತ್ತಿಯಲ್ಲಿ 25 ಅಂಶಗಳಿದ್ದವು. 2025ರ ಆವೃತ್ತಿಯಲ್ಲಿ 30 ಇವೆ. ವ್ಯಾಯಾಮ, ಶಸ್ತ್ರಚಿಕಿತ್ಸೆಯಂಥ ಔಷಧೇತರ ಚಿಕಿತ್ಸೆಗಳಿಗೆ ಅದರ ವಿಸ್ತರಣೆ 2008ರಲ್ಲಿ ಹೊರಬಂದು 2017ರಲ್ಲಿ ಪರಿಷ್ಕೃತವಾಯಿತು. ಚಿಕಿತ್ಸೆಯನ್ನು ವಿವರಿಸುವುದಕ್ಕೆಂದೇ 12 ಅಂಶಗಳ ಟೈಡಿಯರ್ ಪಟ್ಟಿ 2014ರಲ್ಲೂ, ವ್ಯಾಯಾಮಕ್ಕೆಂದೇ 16 ಅಂಶಗಳ ಸರ್ಟ್ ಪಟ್ಟಿ 2016ರಲ್ಲೂ ಬಂದವು. ಇಂಥ ಪಟ್ಟಿಗಳನ್ನು ಕಡ್ಡಾಯ ಮಾಡುವುದಾಗಿ 2014ರಲ್ಲಿ 28 ಪ್ರಮುಖ ಪುನಶ್ಚೇತನ ಪತ್ರಿಕೆಗಳು ಒಟ್ಟಾಗಿ ಘೋಷಿಸಿದವು. 2016ರ ಡಿಸೆಂಬರ್‌ನಲ್ಲಿ ಆರಂಭವಾದ ಕಾಕ್ರೇನ್ ಪುನಶ್ಚೇತನ ವಿಭಾಗವು ಈ ಕ್ಷೇತ್ರದ ಟ್ರಯಲ್‌ಗಳಿಗೇ ಒಂದು ಪಟ್ಟಿ ರೂಪಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಕೊರತೆ ಇರುವುದು ಇವನ್ನು ಬಳಸುವಲ್ಲಿ.

ಶಿವಮೊಗ್ಗ ಮತ್ತು ಭದ್ರಾವತಿಗೆ ಈ ಮಾತು ಹತ್ತಿರದ್ದು. ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ. ಜಿಲ್ಲೆಯ ಎಲ್ಲ ತಾಲ್ಲೂಕುಗಳ ರೋಗಿಗಳು ಅಲ್ಲಿಗೆ ಬರುತ್ತಾರೆ. ಅಡಿಕೆ ಮರದಿಂದ ಬಿದ್ದ ಕೊನೆಗಾರರು, ಬಿ.ಎಚ್. ರಸ್ತೆಯ ಅಪಘಾತಗಳಲ್ಲಿ ಪೆಟ್ಟು ತಿಂದವರು, ರಕ್ತದೊತ್ತಡ ನಿರ್ಲಕ್ಷಿಸಿ ಪಾರ್ಶ್ವವಾಯುವಿಗೆ ತುತ್ತಾದವರು ಮಲೆನಾಡಿನ ಪುನಶ್ಚೇತನ ವಿಭಾಗಗಳಿಗೆ ಹೊಸಬರಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದದ ಕಾರ್ಖಾನೆ ಪಡೆದ ಭದ್ರಾವತಿಯಲ್ಲಿ ಭಾರ ಎತ್ತಿ, ಕುಲುಮೆಯ ಎದುರು ದುಡಿದು ಸವೆದ ಬೆನ್ನು, ಮಂಡಿ, ಭುಜಗಳ ಒಂದು ಪೀಳಿಗೆಯೇ ಇದೆ. ಇಲ್ಲಿ ಬರೆಯುವ ಸ್ನಾತಕೋತ್ತರ ಥೀಸಿಸ್‌ಗಳು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತವೆ. ಈ ರೋಗಿಗಳ ಬಗ್ಗೆ ಬೇರೆ ಯಾರೂ ಬರೆಯಲಾರರು. ಹಾಗಾಗಿ ಇಲ್ಲಿನ ವರದಿ ಅರೆಬರೆಯಾದರೆ ಅದನ್ನು ತುಂಬಿಕೊಡುವ ಇನ್ನೊಂದು ಮೂಲ ಸಿಗುವುದಿಲ್ಲ.

ಒಳ್ಳೆಯ ವರದಿಗೆ ಒಂಬತ್ತು ವಿಷಯಗಳು ಮುಖ್ಯ. ಮೊದಲನೆಯದು ನೋಂದಣಿ. ವರದಿಯ ತಯಾರಿ ಮೊದಲ ರೋಗಿ ಸೇರುವುದಕ್ಕೂ ಮುಂಚೆ ಆಗಬೇಕು. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ವ್ಯವಸ್ಥೆಯಾದ ಸಿಟಿಆರ್‌ಐ 2007ರ ಜುಲೈ 20ರಂದು ಆರಂಭವಾಯಿತು. ನೋಂದಣಿಗೆ ಶುಲ್ಕವಿಲ್ಲ. ಅಧ್ಯಯನ ಸ್ನಾತಕೋತ್ತರ ಥೀಸಿಸ್ ಹೌದೇ ಎಂದು ಕೇಳುವ ಕಾಲಮ್ಮೇ ಅದರಲ್ಲಿದೆ. 2018ರ ಏಪ್ರಿಲ್ 1ರಿಂದ, ರೋಗಿಗಳನ್ನು ಸೇರಿಸಿಕೊಳ್ಳಲು ತೊಡಗಿದ ಮೇಲೆ ಅಲ್ಲಿ ನೋಂದಣಿ ಸಾಧ್ಯವಿಲ್ಲ. ಮುಖ್ಯ ಅಳತೆ ಯಾವುದು, ಎಷ್ಟು ರೋಗಿಗಳು ಬೇಕು, ಎಷ್ಟು ವಾರಗಳ ನಂತರ ಅಳೆಯಲಾಗುವುದು ಎಂಬುದು ಮೊದಲೇ ದಾಖಲಾದರೆ, ಕೊನೆಗೆ ಹತ್ತು ಅಳತೆಗಳಲ್ಲಿ ಚೆನ್ನಾಗಿ ಕಂಡ ಒಂದನ್ನು ಆರಿಸಿ ಮುಖ್ಯವೆಂದು ತೋರಿಸಲು ಆಸ್ಪದವಿರುವುದಿಲ್ಲ. ನೋಂದಣಿ ಸಂಖ್ಯೆ ಥೀಸಿಸ್‌ನಲ್ಲೂ ಲೇಖನದಲ್ಲೂ ಕಾಣಬೇಕು. ನೋಂದಾಯಿಸಿದ ಯೋಜನೆಗೂ ನಡೆದ ಅಧ್ಯಯನಕ್ಕೂ ವ್ಯತ್ಯಾಸವಿದ್ದರೆ ಕಾರಣ ಸಹಿತ ಬರೆಯಬೇಕು.

ಎರಡನೆಯದು ಚಿಕಿತ್ಸೆಯ ವಿವರಣೆ. ಪುನಶ್ಚೇತನ ವರದಿಗಳು ಹೆಚ್ಚು ಎಡವುವುದು ಇಲ್ಲೇ. 'ಮಂಡಿ ಸವೆತ ಇರುವವರಿಗೆ ನಾಲ್ಕು ವಾರ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿಸಲಾಯಿತು' ಎಂಬ ವಾಕ್ಯವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದನ್ನು ಓದಿದ ಚಿಕಿತ್ಸಕರಿಗೆ ಸೋಮವಾರ ಬೆಳಿಗ್ಗೆ ಓಪಿಡಿಯಲ್ಲಿ ಏನು ಮಾಡಬೇಕೆಂದು ತಿಳಿಯದು. ವ್ಯಾಯಾಮ ಮಲಗಿಯೋ, ಕುರ್ಚಿಯಲ್ಲಿ ಕುಳಿತೋ? ಕಾಲಿಗೆ ವೇಟ್ ಕಫ್ ಕಟ್ಟಿದ್ದರೆ ಎಷ್ಟು ಕಿಲೋ, ಆ ತೂಕವನ್ನು ಯಾವ ಲೆಕ್ಕದಲ್ಲಿ ನಿಗದಿ ಮಾಡಲಾಯಿತು? ಒಂದು ಸುತ್ತಿಗೆ ಎಷ್ಟು ಸಲ, ಎಷ್ಟು ಸುತ್ತು, ನಡುವೆ ಎಷ್ಟು ವಿಶ್ರಾಂತಿ? ತೂಕ ಏರಿಸಿದ್ದು ಯಾವಾಗ? ನೋವು ಹೆಚ್ಚಾದವರಿಗೆ ಏನು ಬದಲಾಯಿತು? ಮಾಡಿಸಿದವರು ಅನುಭವಿ ಚಿಕಿತ್ಸಕರೋ, ಇಂಟರ್ನಿಗಳೋ? ಒಬ್ಬೊಬ್ಬರಿಗೋ, ಗುಂಪಿನಲ್ಲೋ? ಮನೆಯಲ್ಲಿ ಮಾಡಲು ಹೇಳಿದ್ದರೆ ಬಾಯಲ್ಲಿ ಹೇಳಿದರೋ, ಕನ್ನಡದ ಚಿತ್ರಸಹಿತ ಹಾಳೆ ಕೊಟ್ಟರೋ? ಟೈಡಿಯರ್ ಪಟ್ಟಿಯ ಹನ್ನೆರಡು ಅಂಶಗಳು ಸರಿಸುಮಾರು ಇವೇ ಪ್ರಶ್ನೆಗಳು: ಚಿಕಿತ್ಸೆಯ ಹೆಸರು, ಉದ್ದೇಶ, ಸಲಕರಣೆ, ವಿಧಾನ, ಕೊಟ್ಟವರು, ಕೊಟ್ಟ ಬಗೆ, ಸ್ಥಳ, ಪ್ರಮಾಣ, ರೋಗಿಗೆ ತಕ್ಕ ಹೊಂದಾಣಿಕೆ, ನಡುವಿನ ಬದಲಾವಣೆ, ಯೋಜಿಸಿದಂತೆ ನಡೆಯುವಂತೆ ನೋಡಿಕೊಳ್ಳಲು ಮಾಡಿದ ಏರ್ಪಾಡು, ನಿಜವಾಗಿ ನಡೆದದ್ದು. ಪತ್ರಿಕೆಯಲ್ಲಿ ಜಾಗ ಸಾಲದಿದ್ದರೆ ಅನುಬಂಧದಲ್ಲಿ ಕೊಡಬಹುದು. ಥೀಸಿಸ್‌ಗಂತೂ ಜಾಗದ ನೆಪವಿಲ್ಲ.

ಯಂತ್ರ ಬಳಸುವ ಚಿಕಿತ್ಸೆಗೂ ಇದೇ ಮಾತು. ರೋಗಿಗಳು ಒಟ್ಟಾಗಿ 'ಕರೆಂಟ್ ಕೊಡೋದು' ಎನ್ನುವುದರಲ್ಲಿ ಟೆನ್ಸ್, ಐಎಫ್‌ಟಿ, ಸ್ನಾಯು ಪ್ರಚೋದನೆ ಎಲ್ಲವೂ ಸೇರಿರುತ್ತವೆ. ಅವರು ಹಾಗೆ ಕರೆಯುವುದರಲ್ಲಿ ತಪ್ಪಿಲ್ಲ. ವರದಿ ಮಾತ್ರ ಹಾಗೆ ಬರೆಯುವಂತಿಲ್ಲ. ಆವರ್ತನ, ತೀವ್ರತೆ, ಅವಧಿ, ಎಲೆಕ್ಟ್ರೋಡ್ ಇಟ್ಟ ಜಾಗ ಇಲ್ಲದೆ ಆ ಚಿಕಿತ್ಸೆಯನ್ನು ಮತ್ತೊಬ್ಬರು ಕೊಡಲಾರರು.

ಪ್ರಮಾಣದ ವಿವರ ಎಷ್ಟು ಮುಖ್ಯ ಎಂಬುದನ್ನು 2015ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ್ಟ್ ಟ್ರಯಲ್ ತೋರಿಸಿತು. ಐದು ದೇಶಗಳ 56 ಆಸ್ಪತ್ರೆಗಳ 2104 ಪಾರ್ಶ್ವವಾಯು ರೋಗಿಗಳಲ್ಲಿ ಒಂದು ಗುಂಪನ್ನು 24 ಗಂಟೆಯೊಳಗೇ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಚಟುವಟಿಕೆ ಮಾಡಿಸಲಾಯಿತು. ಬೇಗ ಎಬ್ಬಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅದರ ಹಿಂದಿತ್ತು. ಮೂರು ತಿಂಗಳ ನಂತರ ಚೆನ್ನಾಗಿ ಚೇತರಿಸಿಕೊಂಡವರು ಆ ಗುಂಪಿನಲ್ಲಿ ಶೇ 46, ಎಂದಿನ ಆರೈಕೆ ಪಡೆದವರಲ್ಲಿ ಶೇ 50. ಸಂಶೋಧಕರು ಪ್ರತಿ ರೋಗಿ ದಿನಕ್ಕೆಷ್ಟು ಸಲ ಎದ್ದರು, ಎಷ್ಟು ನಿಮಿಷ ಚಟುವಟಿಕೆ ಮಾಡಿದರು ಎಂದು ಬರೆದಿಟ್ಟಿದ್ದರು. ಆದ್ದರಿಂದಲೇ 2016ರ ಮುಂದಿನ ವಿಶ್ಲೇಷಣೆಯಲ್ಲಿ, ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚು ಸಲ ಎಬ್ಬಿಸುವುದು ಒಳ್ಳೆಯ ಫಲಿತಾಂಶದ ಜೊತೆಗೂ, ಒಟ್ಟು ನಿಮಿಷಗಳನ್ನು ಏರಿಸುವುದು ಕೆಟ್ಟ ಫಲಿತಾಂಶದ ಜೊತೆಗೂ ಹೊಂದಿಕೊಂಡಿರುವುದು ಕಂಡುಬಂತು. 'ಬೇಗ ನಡೆಸಲಾಯಿತು' ಎಂದಷ್ಟೇ ಬರೆದಿದ್ದರೆ ಈ ತಿಳಿವಳಿಕೆ ಬರುತ್ತಲೇ ಇರಲಿಲ್ಲ.

ಮೂರನೆಯದು ಹೋಲಿಕೆಯ ಗುಂಪು. 'ಕಂಟ್ರೋಲ್ ಗುಂಪಿಗೆ ಕನ್ವೆನ್ಷನಲ್ ಫಿಸಿಯೋಥೆರಪಿ ಕೊಡಲಾಯಿತು' ಎಂಬುದು ಥೀಸಿಸ್‌ಗಳಲ್ಲಿ ಸವೆದುಹೋದ ಸಾಲು. ಎಂದಿನ ಚಿಕಿತ್ಸೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಒಂದೆಡೆ ಅದು ಮುಕ್ಕಾಲು ಗಂಟೆಯ ಮುತುವರ್ಜಿಯ ವ್ಯಾಯಾಮ, ಇನ್ನೊಂದೆಡೆ ಬಿಸಿ ಪ್ಯಾಕ್ ಮತ್ತು ಒಂದು ಹಾಳೆ. ಹೋಲಿಕೆಯ ಗುಂಪಿಗೆ ಕಡಿಮೆ ಹೊತ್ತು ಕೊಟ್ಟಿದ್ದರೆ, ಕಂಡ ಲಾಭ ಹೊಸ ವಿಧಾನದ್ದೋ ಹೆಚ್ಚುವರಿ ಸಮಯದ್ದೋ ಎಂದು ಹೇಳಲಾಗದು. ಕರ್ನಾಟಕದಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಬೆನ್ನುನೋವಿನ 80 ರೋಗಿಗಳ ಮೇಲೆ ನಡೆಸಿದ, 2008ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಎರಡೂ ಗುಂಪುಗಳು ಏಳು ದಿನ ಕೇಂದ್ರದಲ್ಲೇ ತಂಗಿದ್ದವು. ಒಂದು ಗುಂಪಿಗೆ ಯೋಗ. ಇನ್ನೊಂದಕ್ಕೆ ದೈಹಿಕ ವ್ಯಾಯಾಮ ಮತ್ತು ತಿಳಿವಳಿಕೆಯ ಕಾರ್ಯಕ್ರಮ. ವಾಸ, ಬಿಡುವು, ಗಮನ ಎರಡೂ ಕಡೆ ಇದ್ದುದರಿಂದ ಫಲಿತಾಂಶದ ವ್ಯತ್ಯಾಸವನ್ನು ಮನೆಯ ಕೆಲಸದಿಂದ ಸಿಕ್ಕ ಬಿಡುವಿನ ಲೆಕ್ಕಕ್ಕೆ ಹಾಕಲು ಆಗುವುದಿಲ್ಲ. ಹೋಲಿಕೆಯ ಗುಂಪಿಗೂ ಟೈಡಿಯರ್‌ನ ಹನ್ನೆರಡು ಅಂಶಗಳನ್ನು ತುಂಬುವುದು ಇದಕ್ಕಿರುವ ಸರಳ ದಾರಿ.

ನಾಲ್ಕನೆಯದು ಯೋಜಿಸಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರ. ಮನೆಯವರಿಂದಲೇ ಪುನಶ್ಚೇತನ ಮಾಡಿಸುವ ವಿಧಾನವನ್ನು ಪರೀಕ್ಷಿಸಿದ ಅಟೆಂಡ್ ಟ್ರಯಲ್ ಭಾರತದ 14 ಆಸ್ಪತ್ರೆಗಳಲ್ಲಿ 1250 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡು 2017ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ತೀರಿಕೊಂಡವರು ಅಥವಾ ಪರಾವಲಂಬಿಗಳಾಗಿ ಉಳಿದವರು ಎರಡೂ ಗುಂಪುಗಳಲ್ಲಿ ಶೇ 47. ಲಾಭ ಕಾಣಲಿಲ್ಲ ಎಂಬುದನ್ನು ಸಂಶೋಧಕರು ನೇರವಾಗಿ ಬರೆದರು. ಟ್ರಯಲ್ ಮೊದಲೇ ಸಿಟಿಆರ್‌ಐನಲ್ಲಿ ನೋಂದಣಿಯಾಗಿತ್ತು. ಚಿಕಿತ್ಸೆ ಮನೆಗಳಲ್ಲಿ ಹೇಗೆ ನಡೆಯಿತು ಎಂಬ ಮೌಲ್ಯಮಾಪನವೂ ಬೇರೆಯಾಗಿ ಪ್ರಕಟವಾಯಿತು. ಲಾಭವಿಲ್ಲದ ಫಲಿತಾಂಶವೂ ಚಿಕಿತ್ಸಕರಿಗೆ, ಸರ್ಕಾರಕ್ಕೆ, ಕುಟುಂಬಗಳಿಗೆ ಬೇಕಾದ ಮಾಹಿತಿ. ಇಂಥ ಫಲಿತಾಂಶ ಬಂದ ಥೀಸಿಸ್ ಗ್ರಂಥಾಲಯದ ಕಪಾಟು ಸೇರಿ ಅಲ್ಲೇ ಉಳಿದರೆ ಅದೇ ಪ್ರಶ್ನೆಯನ್ನು ಇನ್ನೊಬ್ಬ ವಿದ್ಯಾರ್ಥಿ ಮತ್ತೆ ಕೇಳುತ್ತಾರೆ, ಇನ್ನಷ್ಟು ರೋಗಿಗಳ ಸಮಯ ಹೋಗುತ್ತದೆ. ಮನೆ ವ್ಯಾಯಾಮ ಇರುವ ಅಧ್ಯಯನಗಳಲ್ಲಿ ಎಷ್ಟು ಮಂದಿ ಎಷ್ಟು ದಿನ ಮಾಡಿದರು ಎಂಬ ಲೆಕ್ಕ, ಅದನ್ನು ಡೈರಿಯಿಂದ ಪಡೆದದ್ದೋ ಫೋನಿನಲ್ಲಿ ಕೇಳಿದ್ದೋ ಎಂಬ ವಿವರ ಎರಡೂ ಇರಬೇಕು.

ಐದನೆಯದು ಗುಂಪು ಮಾಡಿದ ಬಗೆ ಮತ್ತು ಅಳೆದವರು ಯಾರು ಎಂಬುದು. ಚೀಟಿ ಎತ್ತಿ ಗುಂಪು ಮಾಡಿದ್ದೋ, ಕಂಪ್ಯೂಟರ್ ಪಟ್ಟಿಯಿಂದಲೋ? ಮುಂದಿನ ರೋಗಿ ಯಾವ ಗುಂಪಿಗೆ ಎಂಬುದು ಸೇರಿಸಿಕೊಳ್ಳುವವರಿಗೆ ಮೊದಲೇ ಗೊತ್ತಾಗದಂತೆ ಮುಚ್ಚಿದ ಲಕೋಟೆ ಬಳಸಿದ್ದರೋ? ದಿನ ಬಿಟ್ಟು ದಿನ ಒಂದೊಂದು ಗುಂಪಿಗೆ ಹಾಕುವುದು ಈ ಲೆಕ್ಕಕ್ಕೆ ಬರುವುದಿಲ್ಲ. ವ್ಯಾಯಾಮ ಮಾಡಿಸುವವರಿಂದಲೂ ಮಾಡುವವರಿಂದಲೂ ಗುಂಪನ್ನು ಮುಚ್ಚಿಡಲಾಗದು, ನಿಜ. ಆದರೆ ಫಲಿತಾಂಶ ಅಳೆಯುವವರು ಬೇರೆಯವರಾಗಿರಬಹುದು, ಅವರಿಗೆ ಗುಂಪು ತಿಳಿಯದಂತೆ ನೋಡಿಕೊಳ್ಳಬಹುದು. ಮಾಡಿದ್ದನ್ನು ಬರೆಯಲೂಬೇಕು. 1999ರಿಂದ ಸಿಡ್ನಿಯಿಂದ ನಡೆಯುತ್ತಿರುವ ಪೆಡ್ರೋ ದತ್ತಾಂಶ ಸಂಗ್ರಹದಲ್ಲಿ ಫಿಸಿಯೋಥೆರಪಿ ಟ್ರಯಲ್‌ಗಳಿಗೆ ಹತ್ತಕ್ಕೆ ಅಂಕ ಕೊಡುತ್ತಾರೆ. ವರದಿಯಲ್ಲಿ ಸ್ಪಷ್ಟವಾಗಿ ಬರೆಯದ ಅಂಶಕ್ಕೆ ಅಲ್ಲಿ ಅಂಕವಿಲ್ಲ. ಎಚ್ಚರಿಕೆಯಿಂದ ಮಾಡಿಯೂ ಬರೆಯದೆ ಬಿಟ್ಟವರು ಮಾಡದವರ ಸಾಲಿಗೇ ಸೇರುತ್ತಾರೆ.

ಆರನೆಯದು ಬಿಟ್ಟುಹೋದವರ ಲೆಕ್ಕ. ಎಷ್ಟು ಮಂದಿಯನ್ನು ಪರಿಶೀಲಿಸಲಾಯಿತು, ಎಷ್ಟು ಮಂದಿ ಒಪ್ಪಲಿಲ್ಲ, ಪ್ರತಿ ಗುಂಪಿಗೆ ಎಷ್ಟು, ಕೊನೆಯವರೆಗೆ ಉಳಿದವರೆಷ್ಟು ಎಂಬುದನ್ನು ಕನ್‌ಸಾರ್ಟ್ ಒಂದು ನಕ್ಷೆಯಲ್ಲಿ ತೋರಿಸಲು ಹೇಳುತ್ತದೆ. ಮಲೆನಾಡಿನಲ್ಲಿ ಈ ನಕ್ಷೆಗೆ ವಿಶೇಷ ಬೆಲೆ ಇದೆ. ಆಷಾಢದ ಮಳೆಯಲ್ಲಿ ಹೊಸನಗರ, ತೀರ್ಥಹಳ್ಳಿಯ ಕಡೆಯಿಂದ ವಾರಕ್ಕೆ ಮೂರು ಸಲ ಬರುವುದು ಸುಲಭವಲ್ಲ. ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ನೋವಿದ್ದರೂ ತೋಟದ ಕೆಲಸ ಬಿಡುವಂತಿಲ್ಲ. ಗುತ್ತಿಗೆ ಕಾರ್ಮಿಕರಿಗೆ ಪಾಳಿ ತಪ್ಪಿದರೆ ಕೂಲಿ ತಪ್ಪುತ್ತದೆ. 'ಐದು ಮಂದಿ ಬಿಟ್ಟುಹೋದರು' ಎಂಬುದರ ಬದಲು ಯಾವ ಗುಂಪಿನಿಂದ, ಯಾವ ಕಾರಣಕ್ಕೆ ಎಂದು ಬರೆದರೆ ಆ ಚಿಕಿತ್ಸೆ ಇಲ್ಲಿನ ಬದುಕಿಗೆ ಹೊಂದುತ್ತದೆಯೇ ಎಂಬುದೂ ತಿಳಿಯುತ್ತದೆ. ಬಿಟ್ಟವರನ್ನು ಲೆಕ್ಕದಿಂದಲೇ ತೆಗೆದುಹಾಕದೆ, ಸೇರಿಸಿದ ಗುಂಪಿನಲ್ಲೇ ಇಟ್ಟು ವಿಶ್ಲೇಷಿಸುವುದು ಒಪ್ಪಿತ ಕ್ರಮ. ಬೇರೆ ಕ್ರಮ ಅನುಸರಿಸಿದ್ದರೆ ಹೇಳಬೇಕು.

ಏಳನೆಯದು ಅಳತೆ. ದಿನನಿತ್ಯದ ಹತ್ತು ಕೆಲಸಗಳನ್ನು ಅಳೆಯುವ ಬಾರ್ಥೆಲ್ ಸೂಚ್ಯಂಕ 1965ರದು. ಮಂಡಿ, ಸೊಂಟದ ಸವೆತಕ್ಕೆ 24 ಪ್ರಶ್ನೆಗಳ ವೋಮ್ಯಾಕ್ ಇದೆ. ಎರಡೂ ಹುಟ್ಟಿದ್ದು ಕುರ್ಚಿ, ಕಮೋಡಿನ ಮನೆಗಳಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಕೂರುವ, ಕುಕ್ಕರುಗಾಲಲ್ಲಿ ಶೌಚಕ್ಕೆ ಹೋಗುವ, ಬಗ್ಗಿ ಸಸಿ ನೆಡುವ ರೋಗಿಯ ನಿಜವಾದ ತೊಂದರೆ ಅವುಗಳಲ್ಲಿ ಪೂರ್ತಿ ಕಾಣದು. ಈ ಅಳತೆಗಳನ್ನು ಬಿಡಬೇಕೆಂದಲ್ಲ. ಇತರ ಅಧ್ಯಯನಗಳ ಜೊತೆ ಹೋಲಿಸಲು ಅವು ಬೇಕು. ಅವುಗಳ ಜೊತೆಗೆ ಇಲ್ಲಿನ ಕೆಲಸವನ್ನು, ಕೆಲಸಕ್ಕೆ ಮರಳಿದ್ದನ್ನು ಅಳೆದು ಬರೆಯಬೇಕು. ಕನ್ನಡದ ಯಾವ ಆವೃತ್ತಿ ಬಳಸಲಾಯಿತು, ಅದು ಪರೀಕ್ಷೆಗೆ ಒಳಪಟ್ಟದ್ದೇ, ರೋಗಿ ತಾನೇ ಓದಿ ತುಂಬಿದ್ದೋ ಓದಿ ಹೇಳಿ ತುಂಬಿಸಿದ್ದೋ ಎಂಬುದು ವರದಿಯಲ್ಲಿರಬೇಕು. ಚಿಕಿತ್ಸೆ ಕೊಟ್ಟವರೇ ಎದುರು ಕೂತು 'ಈಗ ನೋವು ಕಡಿಮೆಯಾ' ಎಂದು ಕೇಳಿದರೆ ದಾಕ್ಷಿಣ್ಯಕ್ಕಾದರೂ ಹೌದು ಎನ್ನುವವರು ಬಹಳ.

ಎಂಟನೆಯದು ಅಂಕಿಅಂಶ. ಪ್ರತಿ ಗುಂಪಿನೊಳಗೆ ಚಿಕಿತ್ಸೆಯ ಮುಂಚೆ ಮತ್ತು ನಂತರದ ಅಂಕಗಳನ್ನು ಹೋಲಿಸಿ, ಹೊಸ ಚಿಕಿತ್ಸೆಯ ಗುಂಪಿನಲ್ಲಿ ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂತು ಎಂದು ಗೆಲುವು ಸಾರುವ ಪದ್ಧತಿ ವ್ಯಾಪಕ. ಪಾರ್ಶ್ವವಾಯುವಿನ ಮೊದಲ ವಾರಗಳಲ್ಲಿ ದೇಹ ತಾನಾಗಿಯೂ ಒಂದಷ್ಟು ಚೇತರಿಸಿಕೊಳ್ಳುತ್ತದೆ. ನೋವು ಹೆಚ್ಚಿದ್ದಾಗ ಆಸ್ಪತ್ರೆಗೆ ಬಂದವರ ನೋವು ಕಾಲಕ್ರಮದಲ್ಲಿ ಇಳಿಯುತ್ತದೆ. ಟ್ರಯಲ್ ಉತ್ತರಿಸಬೇಕಾದ ಪ್ರಶ್ನೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಎಷ್ಟು ಎಂಬುದು. ಆ ವ್ಯತ್ಯಾಸವನ್ನು ಅಳತೆಯ ಅಂಕದಲ್ಲೇ ಕೊಟ್ಟು, ಅದರ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ ಬರೆದು, ಅಷ್ಟು ವ್ಯತ್ಯಾಸ ರೋಗಿಗೆ ಅರಿವಾಗುವಂಥದ್ದೇ ಎಂದು ಚರ್ಚಿಸಬೇಕು.

ಒಂಬತ್ತನೆಯದು ತೊಂದರೆಗಳು. ವ್ಯಾಯಾಮದಿಂದ ಹಾನಿ ಇಲ್ಲ ಎಂಬ ಭಾವನೆಯಿಂದ ಈ ಭಾಗ ಖಾಲಿ ಉಳಿಯುತ್ತದೆ. ನಡೆಯುವ ಅಭ್ಯಾಸದಲ್ಲಿ ಬೀಳುವುದು, ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಬಿಸಿ ಪ್ಯಾಕ್ ಅಥವಾ ಮೇಣದಿಂದ ಸುಟ್ಟಗಾಯ, ಸೋತ ಕೈ ಎಳೆದದ್ದರಿಂದ ಭುಜದ ನೋವು ಇವೆಲ್ಲ ದಾಖಲೆಗೆ ಸೇರಬೇಕು. ಏನೂ ಆಗದಿದ್ದರೆ, ಹೇಗೆ ವಿಚಾರಿಸಿ ಆ ತೀರ್ಮಾನಕ್ಕೆ ಬರಲಾಯಿತು ಎಂದು ಬರೆಯಬೇಕು.

ಈ ಹಿನ್ನೆಲೆಯಲ್ಲಿ ಕೆಲವು ಕೋರಿಕೆಗಳಿವೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಸಿನಾಪ್ಸಿಸ್ ಬರೆಯುವಾಗಲೇ ಕನ್‌ಸಾರ್ಟ್ ಮತ್ತು ಟೈಡಿಯರ್ ಪಟ್ಟಿಗಳನ್ನು ತುಂಬಿ, ಥೀಸಿಸ್‌ನ ಕೊನೆಯಲ್ಲಿ ಪುಟಸಂಖ್ಯೆ ಸಹಿತ ಲಗತ್ತಿಸಬೇಕು. ಎರಡೂ ಪಟ್ಟಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಗೈಡ್‌ಗಳು ಕರಡನ್ನು ಆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಚಿಕಿತ್ಸಕರ ಕೈಗೆ ಕೊಟ್ಟು, ಓದಿದ್ದಷ್ಟರಿಂದ ಚಿಕಿತ್ಸೆ ಮಾಡಿ ತೋರಿಸಲು ಹೇಳಬೇಕು. ಅವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೋ ಅಲ್ಲಿ ಬರವಣಿಗೆ ತಿದ್ದಬೇಕು. ಎಥಿಕ್ಸ್ ಕಮಿಟಿಗಳು ಸಿಟಿಆರ್‌ಐ ಸಂಖ್ಯೆ ಬರುವವರೆಗೆ ರೋಗಿಗಳನ್ನು ಸೇರಿಸಿಕೊಳ್ಳಬಾರದೆಂಬ ಷರತ್ತು ಹಾಕಬೇಕು, ಮುಗಿದ ಅಧ್ಯಯನದ ಫಲಿತಾಂಶ ಎಲ್ಲಿ ಪ್ರಕಟವಾಯಿತೆಂದು ಕೇಳಬೇಕು. ಆಸ್ಪತ್ರೆಗಳ ಮುಖ್ಯಸ್ಥರು ಅಳತೆಯ ಕೆಲಸಕ್ಕೆ ಬೇರೊಬ್ಬ ಚಿಕಿತ್ಸಕರ ಸಮಯ ಬಿಡಿಸಿಕೊಡಬೇಕು. ಎರಡೂ ಊರಿನ ವಿಭಾಗಗಳು ಸೇರಿ ಒಂದೇ ಪ್ರಶ್ನೆಯನ್ನು ಒಂದೇ ಅಳತೆಯಲ್ಲಿ ಅಧ್ಯಯನ ಮಾಡಿದರೆ, ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಸಣ್ಣ ಥೀಸಿಸ್‌ಗಳ ಬದಲು ನಂಬಬಹುದಾದ ಒಂದು ಟ್ರಯಲ್ ಸಿಗುತ್ತದೆ. ಕಡೆಯದಾಗಿ, ಭಾಗವಹಿಸಿದ ರೋಗಿಗಳಿಗೆ ಫಲಿತಾಂಶ ತಿಳಿಯುವ ಅವಕಾಶ ಇರಬೇಕೆಂದು ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಅವರಿಗೆ ಒಂದು ಪುಟದ ಕನ್ನಡ ಸಾರಾಂಶ ಕೊಡುವುದು ಯಾರಿಗೂ ಹೊರೆಯಾಗದು.

ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಮುಂದಿನ ಸಾಲಿನ ಸಿನಾಪ್ಸಿಸ್‌ಗಳಿಂದಲೇ ಈ ಕ್ರಮ ಜಾರಿಗೆ ಬರಲಿ ಎಂದು ಎಲ್ಲರಲ್ಲೂ ವಿನಂತಿ.



ಇಂತಿ,
ಪುನಶ್ಚೇತನ ಸಂಶೋಧನೆಯ ಒಬ್ಬ ಓದುಗ
ಶಿವಮೊಗ್ಗ